ಭಾವನಿಗೆ ಜೀಪು ನೋಡಲು ಹೋದದ್ದು

ಹಳೇ ಜೀಪು ನೋಡಲು ಹೋದವರು ಬರಿಗೈಯಲ್ಲಿ ಬಂದದ್ದು ನಮ್ಮ ಕಡೆ ನಾನಂತೂ ಕಂಡಿಲ್ಲ. ಜೀಪು ಸಿಗಲಿ ಬಿಡಲಿ, ಹೇಳಿಕೊಂಡು ನಗಲಿಕ್ಕೆ ಏನಾದರೂ ಒಂದು ಸಿಕ್ಕೇ ಸಿಗುತ್ತದೆ. ನನಗೆ ಒಂದೇ ವರ್ಷ, ಮಳೆಗಾಲ ಮುಗಿದು ದೀಪಾವಳಿ ಬರುವಷ್ಟರಲ್ಲಿ ಐದು ಸಿಕ್ಕವು.

ತೊಂಬತ್ತರ ದಶಕದ ಮಾತು. ಶಿಕಾರಿಪುರದಲ್ಲಿ ನನ್ನದೊಂದು ಡೀಸೆಲ್ ಪಂಪ್‌ಸೆಟ್ ರಿಪೇರಿ ಅಂಗಡಿ. ಹಳ್ಳದಿಂದ ಗದ್ದೆಗೆ ನೀರೆತ್ತುವ ಇಂಜಿನ್ನು ಕೆಟ್ಟರೆ ಎತ್ತಿನ ಗಾಡಿಯಲ್ಲಿ ಹೇರಿಕೊಂಡು ನನ್ನ ಹತ್ತಿರ ತರುತ್ತಿದ್ದರು. ಸದ್ದು ಕೇಳಿಯೇ ರೋಗ ಹೇಳ್ತಾನೆ ಅಂತ ನನಗೆ ಹೆಸರಿತ್ತು. ಅದು ಸುಳ್ಳೂ ಅಲ್ಲ. ಆದರೆ ಜನ ಒಂದು ವಿಷಯ ಮರೆತುಬಿಟ್ಟಿದ್ದರು. ನಾನು ರಿಪೇರಿ ಮಾಡಿದ ಇಂಜಿನ್ನುಗಳಲ್ಲಿ ಒಂದೂ ಇಟ್ಟ ಜಾಗ ಬಿಟ್ಟು ಕದಲಿದ್ದಿಲ್ಲ. ಗೇರು, ಬ್ರೇಕು, ಸ್ಟೇರಿಂಗು ಇವುಗಳ ವಿಚಾರದಲ್ಲಿ ನನ್ನ ಜ್ಞಾನ ಅಷ್ಟಕ್ಕಷ್ಟೆ. ಇದನ್ನು ನಾನಾಗಿ ಯಾರಿಗೂ ಹೇಳಲಿಲ್ಲ. ಬಂದ ಹೆಸರನ್ನು ಯಾರಾದರೂ ತಾವಾಗಿ ಕಳಕೊಳ್ತಾರೇನ್ರಿ?

ಜೀಪು ಬೇಕಾಗಿದ್ದದ್ದು ಸೊರಬದ ನಮ್ಮ ಭಾವನಿಗೆ, ಅಂದರೆ ನಮ್ಮಕ್ಕನ ಗಂಡನಿಗೆ. ಅವರು ತಮ್ಮ ಅಣ್ಣನ ಬಟ್ಟೆ ಅಂಗಡಿಯಿಂದ ಬೇರೆಯಾಗಿ, ಸಂತೆಯಿಂದ ಸಂತೆಗೆ ಸೀರೆ, ಪಂಚೆ ಮಾರಿಕೊಂಡು ಮೂರು ವರ್ಷವಾಗಿತ್ತು. ಬಟ್ಟೆಗಂಟು ಬಸ್ಸಿನ ಟಾಪಿಗೆ ಹಾಕುವುದು, ಕಂಡಕ್ಟರ್ ಹತ್ತಿರ ಜಗಳ, ಇಳಿಸಿಕೊಳ್ಳುವಾಗ ಇನ್ನೊಂದು ಜಗಳ. ಒಂದು ಸಲ ಭಾವ ಆನವಟ್ಟಿಯಲ್ಲಿ ಇಳಿದರು, ಗಂಟು ಅವರನ್ನು ಬಿಟ್ಟು ತಾನೊಬ್ಬನೇ ಹಾವೇರಿಗೆ ಹೋಗಿಬಿಟ್ಟಿತು. ಅವತ್ತು ಮನೆಗೆ ಬಂದು ಹೇಳಿದರು, "ದೀಪಾವಳಿ ಸಂತೆಗಳಿಗೆ ಒಂದು ಗಾಡಿ ಆಗ್ಲಿಲ್ಲ ಅಂದ್ರೆ ಮುಗೀತು. ಅಣ್ಣನ ಅಂಗಡೀಲಿ ಹೋಗಿ ಮೀಟರ್ ಕಡ್ಡಿ ಹಿಡಿದು ಕೂರೋದೇ."

ಭಾವನಿಗೆ ಅದು ಬರೀ ಅವಮಾನ. ಅಕ್ಕನಿಗೆ ಜೀವದ ಪ್ರಶ್ನೆ. ಅಂಗಡಿಗೆ ವಾಪಸು ಅಂದರೆ ಒಟ್ಟು ಮನೆಗೆ ವಾಪಸು. ಹದಿನೆಂಟು ಮಂದಿಗೆ ರೊಟ್ಟಿ ಬಡಿದು ಬಡಿದು ಸುಸ್ತಾದವಳಿಗೆ ಈ ಎರಡು ಕೋಣೆಯ ಬಾಡಿಗೆ ಮನೆ, ತನ್ನದೇ ಒಂದು ಒಲೆ, ಅದೇ ದೊಡ್ಡ ಸಂಪತ್ತು. ಅವಳು ನನ್ನನ್ನು ಕೂರಿಸಿಕೊಂಡು ಹೇಳಿದಳು, "ತಮ್ಮಾ, ಬಣ್ಣ ಹೋಗಿರಲಿ, ಸೀಟು ಹರಿದಿರಲಿ. ಸಂತೆ ದಿನ ಮಾತ್ರ ಗಾಡಿ ನಿಲ್ಲಬಾರದು. ನೀನು ನೋಡಿ ಹೂಂ ಅಂದ ಜೀಪು ದಾರೀಲಿ ನಿಂತು, ನಾನು ಮತ್ತೆ ಆ ಅಡಿಗೆಮನೆಗೆ ಹೋಗೋ ಹಂಗಾದ್ರೆ, ನಿನ್ನನ್ನೂ ಕರ್ಕೊಂಡು ಹೋಗಿ ಹಿಟ್ಟು ನಾದಿಸ್ತೀನಿ."

ನಮ್ಮಕ್ಕ ಹೇಳಿದ್ದನ್ನು ಮಾಡುವವಳು. ಹಾಗಾಗಿ ನಾನು ಭಯಭಕ್ತಿಯಿಂದ ಕೆಲಸಕ್ಕೆ ಇಳಿದೆ.

ಚಹಾ ಅಂಗಡಿ ಮುಂದೆ

ಮೊದಲನೇ ಜೀಪು ಸೊರಬದ ಹೊರಗೆ ಒಬ್ಬ ಭತ್ತದ ವ್ಯಾಪಾರಿಯದು. ಮನೆಯ ಪಕ್ಕದ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದ್ದರು.

"ಸಮನೆಲಕ್ಕೆ ತನ್ನಿ, ನೋಡೋಣ" ಅಂದೆ.

"ಇಲ್ಲೇ ನೋಡಿ ಮಾರಾಯ್ರೆ, ಬೆಳಕು ಚೆನ್ನಾಗಿ ಬೀಳ್ತದೆ" ಅಂದರು.

ಬೆಳಕು ಚೆನ್ನಾಗಿಯೇ ಇತ್ತು. ಅವರು ಹತ್ತಿ ಕೂತು ಅದೇನು ಮಾಡಿದರೋ, ಜೀಪು ನಾಲ್ಕು ಮಾರು ಉರುಳಿ ಗುರ್ರ್ ಅಂತ ಎದ್ದಿತು. ಇಂಜಿನ್ನಿನ ಸದ್ದು ಕೇಳಿದೆ, ಒಳ್ಳೇ ಸದ್ದು. ಭಾವ ಓಡಿಸಿದರು, ಖುಷಿಯಾದರು. ಪೇಟೆಯ ಹತ್ತಿರ ಬಂದಾಗ ನಾನೇ ಚಹಾ ಕುಡಿಯೋಣ ಅಂದೆ. ವ್ಯಾಪಾರಿ ಒಂಚೂರು ಅನುಮಾನ ಮಾಡಿ ಒಪ್ಪಿದರು. ಚಹಾ ಅಂಗಡಿ ಮುಂದೆ ನಿಲ್ಲಿಸಿ ಎಲ್ಲ ಇಳಿದೆವು, ಇಂಜಿನ್ ಮಾತ್ರ ಓಡುತ್ತಲೇ ಇತ್ತು.

"ಬಂದ್ ಮಾಡಲ್ವಾ?" ಅಂದೆ.

"ಇರಲಿ ಬಿಡಿ. ಓಡ್ತಾ ಇದ್ರೆ ಇಂಜಿನ್ನಿಗೆ ಒಳ್ಳೇದು."

ಚಹಾ ಆಯಿತು. ಮಂಡಕ್ಕಿ ಆಯಿತು. ಇನ್ನೊಂದು ಚಹಾ ಆಯಿತು. ಜೀಪು ಹೊಗೆ ಬಿಡುತ್ತಾ ನಮ್ಮ ಮಂಡಕ್ಕಿಗೆಲ್ಲ ಡೀಸೆಲ್ ವಾಸನೆ ಹಿಡಿಸಿತು. ನನಗೆ ಡೀಸೆಲ್ ದಂಡ ಮಾಡುವವರನ್ನು ಕಂಡರೆ ಆಗುವುದಿಲ್ಲ. ಎದ್ದು ಹೋಗಿ ಬಂದ್ ಮಾಡಿಬಿಟ್ಟೆ.

ವ್ಯಾಪಾರಿಯ ಮುಖ ಸಣ್ಣಗಾಯಿತು. ಅಷ್ಟರಲ್ಲಿ, ಯಾರೂ ಯಾರಿಗೂ ಏನೂ ಹೇಳದೆ, ಅಂಗಡಿಯ ಬೆಂಚಿನ ಮೇಲೆ ಕೂತಿದ್ದ ಏಳೆಂಟು ಜನ ಚಹಾ ಲೋಟ ಕೆಳಗಿಟ್ಟು, ಪಂಚೆ ಎತ್ತಿಕಟ್ಟಿ, ಸೀದಾ ಹೋಗಿ ಜೀಪಿನ ಹಿಂದೆ ಸಾಲಾಗಿ ನಿಂತರು. ಒಬ್ಬ ಮುದುಕರು ಬಲಗಡೆಯ ಮೂಲೆಗೆ ಹೋಗಿ, "ಇದು ನನ್ನ ಜಾಗ, ಸರಿ ಆಚೆ" ಅಂತ ಒಬ್ಬನನ್ನು ದೂಡಿದರು.

ನಾನು ಬಿಟ್ಟಕಣ್ಣು ಬಿಟ್ಟು ನೋಡುತ್ತಿದ್ದೆ. ಚಹಾದವನು ನನ್ನ ಕಿವಿಯ ಹತ್ತಿರ ಬಂದು ಹೇಳಿದ, "ಇವತ್ತು ಯಾರೋ ಹೊಸಬರು ಬಂದಾರೆ, ಬಂದ್ ಮಾಡಲಿಕ್ಕಿಲ್ಲ ಅಂತ ನಾವೂ ಆರಾಮಾಗಿ ಕೂತಿದ್ವಿ ನೋಡಿ."

ಯಾರ ಎಣ್ಣೆ?

ಎರಡನೇದು ಕ್ಯಾಸನೂರಿನ ಕಡೆ. ಮಾರುವವರು ಒಬ್ಬ ಜಮೀನುದಾರರು, ಮಾತಿನಲ್ಲಿ ಬಹಳ ನಯ. ಕಾಡಿಗೆ ತಾಗಿದ ಹಿತ್ತಲಿನಲ್ಲಿ ಮರದ ಕೆಳಗೆ ಜೀಪು ನಿಂತಿತ್ತು. ಮೊದಲನೇ ಜೀಪಿನಲ್ಲಿ ಏಮಾರಿದ್ದರಿಂದ ಈ ಸಲ ಪೂರ್ತಿ ಪರೀಕ್ಷೆ ಅಂತ ನಿಶ್ಚಯ ಮಾಡಿದ್ದೆ. "ಕೆಳಗೆ ಮಲಗಿ ನೋಡ್ತೀನಿ" ಅಂದೆ.

"ಅಯ್ಯೋ, ಹಾಗೇ ಮಲಗಬೇಡಿ! ಎಲೆ ಬಿದ್ದ ಜಾಗ, ಉಣುಗು ಇರ್ತದೆ. ಮಂಗನ ಕಾಯಿಲೆ ಕೇಳಿಲ್ವಾ?" ಅಂತ ಒಳಗೆ ಓಡಿ ಒಂದು ಬಾಟ್ಲಿ ತಂದರು. ಉಣುಗು ಹತ್ತದ ಹಾಗೆ ಮೈಗೆ ಹಚ್ಚಿಕೊಳ್ಳುವ ಎಣ್ಣೆ.

ಉಣುಗು ಕಚ್ಚಿ ಬರುವ ಆ ಕಾಯಿಲೆಯ ಹೆಸರು ಕೇಳಿದರೆ ನಮ್ಮ ಕಡೆ ಯಾರೂ ವಾದ ಮಾಡುವುದಿಲ್ಲ. ಅಂಗಿ ಬಿಚ್ಚಿದೆ. ಅವರೇ ಕೈಯಾರೆ ಹಚ್ಚಿದರು. ಎಷ್ಟು ಹಚ್ಚಿದರು ಅಂದರೆ ಬಾಟ್ಲಿ ಖಾಲಿಯಾಯಿತು, ಮೊಣಕೈಯಿಂದ ಹನಿ ತೊಟ್ಟಿಕ್ಕತೊಡಗಿತು. "ಬೆನ್ನಿಗೆ ಇನ್ನೊಂದು ಸ್ವಲ್ಪ" ಅಂತ ಎರಡನೇ ಬಾಟ್ಲಿ ತೆಗೆದರು. ಪರವಾಗಿಲ್ಲ, ಎಂಥ ಒಳ್ಳೇ ಮನುಷ್ಯ ಅಂದುಕೊಂಡೆ.

ಮಲಗಿ ಮೇಲೆ ನೋಡಿದರೆ ಇಂಜಿನ್ನಿನ ಅಡಿಯಲ್ಲಿ ಎಣ್ಣೆ ಜಿನುಗುತ್ತಿತ್ತು. "ಸೋರ್ತಾ ಇದೆಯಲ್ರೀ!" ಅಂದೆ.

"ಅದು ನಿಮ್ಮದು" ಅಂದರು.

"ನಂದು ಮೇಲಕ್ಕೆ ಹೆಂಗೆ ಹೋಗ್ತದ್ರೀ?"

"ಈಗ ಕೈ ಇಟ್ಟು ಮುಟ್ಟಿದ್ರಲ್ಲ."

ಹೊರಗೆ ಬಂದು ನೆಲ ನೋಡಿದೆ. ಅಲ್ಲೂ ಕಲೆ. "ಇದು ನಾ ಮಲಗಿದ ಜಾಗ ಅಲ್ಲ" ಅಂದೆ. "ಹೊರಳಿದ್ರಲ್ಲ ನೀವು" ಅಂದರು. ಜೀಪನ್ನು ಹತ್ತು ಅಡಿ ಮುಂದಕ್ಕೆ ದೂಡಿಸಿದೆ. ಅಲ್ಲೂ ಟಪ್ ಟಪ್ ಅಂತ ಬಿತ್ತು. "ಜೀಪಿಗೆ ನಿಮ್ಮಿಂದ ಅಂಟಿದ್ದು ಈಗ ಇಳೀತಾ ಇದೆ" ಅಂದರು. ಕೊನೆಗೆ ನಾನು ಬೆರಳಿನಲ್ಲಿ ತೆಗೆದು ಮುಖದ ಮುಂದೆ ಹಿಡಿದೆ, "ಸ್ವಾಮೀ, ಇದು ಕಪ್ಪಗಿದೆ. ನೀವು ಹಚ್ಚಿದ ಎಣ್ಣೆ ಕಪ್ಪಗಿತ್ತಾ?"

ಅವರು ತಾಳ್ಮೆಯಿಂದ ಹೇಳಿದರು, "ಜೀಪಿನ ಕೆಳಗೆ ಮಲಗಿ ಎದ್ದ ಮೇಲೆ ಯಾವ ಎಣ್ಣೆ ಕಪ್ಪಗಾಗಲ್ಲ ಹೇಳಿ?"

ಜೀಪನ್ನು ಅವರಿಗೇ ಬಿಟ್ಟು ಬಸ್ಸಿಗೆ ಬಂದೆವು. ನನ್ನ ಪಕ್ಕದ ಸೀಟು ಖಾಲಿ ಇದ್ದರೂ ಭಾವ ನಿಂತೇ ಇದ್ದರು. ಕೂತ್ಕೊಳ್ಳಿ ಭಾವ ಅಂದರೆ, ಸಂತೆಗೆಂದು ತಂದಿದ್ದ ಬಟ್ಟೆಗಂಟು ತಬ್ಬಿಕೊಂಡು ಹಿಂದೆ ಸರಿದರು. "ಮಾರಾಯ, ಜೀಪು ಸೋರ್ತದೋ ಇಲ್ವೋ ನಂಗೆ ಗೊತ್ತಾಗ್ಲಿಲ್ಲ. ನೀನಂತೂ ಸೋರ್ತಾ ಇದೀಯ."

ಚಂದ್ರಗುತ್ತಿಯ ತಾಯಿ

ಮೂರನೇದು ಚಂದ್ರಗುತ್ತಿಯದು. ಅಲ್ಲೊಬ್ಬ ಶುಂಠಿ ಬೆಳೆಗಾರ, ಇನ್ನೂ ಹುಡುಗು ವಯಸ್ಸು, ಜೀಪು ಮಾರಾಟಕ್ಕಿದೆ ಅಂತ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿಸಿದ್ದ. ಹೋದೆವು. "ಗುಡ್ಡ ಹತ್ತಿಸಿ ತೋರಿಸ್ತೀನಿ ಬನ್ನಿ ಸಾರ್" ಅಂದ. ನಾನು, ಭಾವ ಮುಂದೆ ಕೂತೆವು. ಹಿಂದೆ ಆಗಲೇ ಅವನ ತಾಯಿ ಕೂತಿದ್ದರು. ಅರವತ್ತರ ಹತ್ತಿರದ ಹೆಂಗಸು, ತೊಡೆಯ ಮೇಲೆ ತೆಂಗಿನಕಾಯಿಗಿಂತ ದೊಡ್ಡದೊಂದು ಕಲ್ಲು.

ಎಂತದೋ ಹರಕೆ ಇರಬೇಕು ಅಂದುಕೊಂಡೆ. ದೇವಸ್ಥಾನ ಇರುವ ಊರು, ಕೇಳುವುದು ಸರಿಯಲ್ಲ ಅಂತ ಸುಮ್ಮನಾದೆ.

ಜೀಪು ಏರು ಹತ್ತಿದ್ದು ನೋಡಬೇಕಿತ್ತು! ಒಂದು ಚೂರು ಏದುಸಿರು ಇಲ್ಲ. ನಾನು ಭಾವನಿಗೆ ಕಣ್ಣಿನಲ್ಲೇ ಹೂಂ ಅಂದೆ. ಅಕ್ಕನ ಒಲೆ ಉಳಿಯಿತು ಅಂತ ಒಳಗೊಳಗೇ ಸಮಾಧಾನವಾಯಿತು. ತಿರುಗಿಸಿಕೊಂಡು ಇಳಿಯಲು ಶುರು ಮಾಡಿದೆವು. ಒಂದು ತಿರುವಿನ ಹತ್ತಿರ ಎದುರಿಗೆ ಎಮ್ಮೆಗಳು. ಹುಡುಗ ಸ್ಟೇರಿಂಗ್ ಬಿಗಿಯಾಗಿ ಹಿಡಿದು ಹಿಂದಕ್ಕೆ ಕೂಗಿದ, "ಅವ್ವಾ!"

ಆ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೋಗುತ್ತಿದ್ದ ಗಾಡಿಯಿಂದ ಛಂಗನೆ ಇಳಿದು, ನಾಲ್ಕು ಹೆಜ್ಜೆ ಓಡಿ ಕಲ್ಲನ್ನು ಹಿಂದಿನ ಚಕ್ರದ ಮುಂದೆ ಒಗೆದರು. ಧಡ್ ಅಂತ ಜೀಪು ನಿಂತಿತು. ನನ್ನ ಹಣೆ ಗಾಜಿಗೆ ಬಡಿಯಿತು. ಎಮ್ಮೆಗಳು ಏನೂ ಆಗದವರ ಹಾಗೆ ದಾಟಿಕೊಂಡು ಹೋದವು. ಅವಕ್ಕೆ ಅದು ದಿನಾ ಕಾಣುವ ಸಂಗತಿ ಇರಬೇಕು.

"ಬ್ರೇಕ್ ಇಲ್ವೇನೋ ಇದಕ್ಕೆ?" ಅಂತ ಅರಚಿದೆ.

"ಬೇಕಾಗ್ಲೇ ಇಲ್ಲ ಸಾರ್" ಅಂದ.

ಭಾವ ಬಾಗಿಲು ಹಿಡಿದುಕೊಂಡೇ ಕೆಳಗಿಳಿದರು. ಆ ಸ್ಥಿತಿಯಲ್ಲೂ ಅವರಿಗೆ ತಮಾಷೆ ಹೋಗಿರಲಿಲ್ಲ. ಆ ತಾಯಿಗೆ ಕೈಮುಗಿದು, "ಜೀಪು ತಗೊಂಡ್ರೆ ಜೊತೆಗೆ ನೀವೂ ಬರ್ತೀರೇನಮ್ಮಾ?" ಅಂದರು.

ಅವರು ಕೈಯ ಮಣ್ಣು ಕೊಡವಿಕೊಂಡು ಹೇಳಿದರು, "ಈ ವಯಸ್ಸಲ್ಲಿ ನಾ ಎಲ್ಲಿಗೆ ಬರ್ಲಿ? ಕಲ್ಲು ಬೇಕಾದ್ರೆ ತಗೊಂಡ್ಹೋಗಿ."

ಪಾಲಿನ ಜೀಪು

ನಾಲ್ಕನೇದು ನಮ್ಮ ಶಿಕಾರಿಪುರದಲ್ಲೇ. ಒಳ್ಳೇ ಮನೆತನ, ಕಾಳುಕಡಿ ವ್ಯಾಪಾರ, ಮೂವರು ಅಣ್ಣತಮ್ಮಂದಿರು ಇತ್ತೀಚೆಗಷ್ಟೇ ಪಾಲಾಗಿದ್ದರು. ಜೀಪು ಹಿರಿಯಣ್ಣನ ಪಾಲಿಗೆ ಬಂದಿತ್ತು. ನೋಡಿದರೆ ಎಲ್ಲ ಸರಿ. ಇಳಿಜಾರು ಇಲ್ಲ, ಎಣ್ಣೆ ಇಲ್ಲ, ಕಲ್ಲು ಇಲ್ಲ. ಮಾತು ಮುಗಿದು ಬಾಯಿಗೆ ಸಕ್ಕರೆ ಹಾಕಿಕೊಂಡೆವು.

ಅಷ್ಟರಲ್ಲಿ ಕಿರಿಯ ತಮ್ಮ ಸ್ಪ್ಯಾನರ್ ಹಿಡಿದು ಬಂದು ಸ್ಟೆಪ್ನಿ ಬಿಚ್ಚತೊಡಗಿದ.

"ಏನ್ರೀ ಇದು?"

"ಸ್ಟೆಪ್ನಿ ನನ್ನ ಹಿಸ್ಸೆಗೆ ಬಂದೈತ್ರಿ."

ಹಿಂದಿನಿಂದ ನಡುವಿನವನು ಬಂದು ಮೇಲಿನ ಟಾರ್ಪಾಲಿನ ಹುಡ್ಡು ಮಡಚಲು ಶುರು ಮಾಡಿದ. ಹುಡ್ಡೂ ಹಿಂದಿನ ಸೀಟೂ ಅವನವಂತೆ. ನಾನು ಗದ್ದಲ ಎಬ್ಬಿಸಿದ್ದಕ್ಕೆ ಹಿರಿಯಣ್ಣ ಒಳಗಿನಿಂದ ಪಾಲುಪಟ್ಟಿಯನ್ನೇ ತಂದು ಓದಿದರು. ಎಲ್ಲ ಕಾಯಿದೆ ಪ್ರಕಾರ ಇತ್ತು. ಕೊನೆಗೊಂದು ಸಾಲು, "ಸದರಿ ಜೀಪಿನ ಬ್ಯಾಟರಿಯು ತಾಯಿಯವರಿಗೆ, ಅವರ ಹಯಾತಿ ಇರುವವರೆಗೆ."

"ಜೀವ ಇರೋ ತನಕ ಬ್ಯಾಟರಿ ತಾಯಿಯವರಿಗೆ ಯಾಕ್ರೀ?" ಅಂತ ಭಾವ ಕೇಳಿದರು.

ಉತ್ತರ ಬಾಗಿಲ ಸಂದಿಯಿಂದ ಆ ತಾಯಿಯೇ ಕೊಟ್ಟರು. "ಕರೆಂಟು ಹೋದ್ರೆ ಟೀವಿ ಹೆಂಗ ನೋಡ್ಲಪ್ಪಾ? ಸಂತಿಗೆ ಬೇಕಾದ್ರ ಒಯ್ಯಿ, ನಾ ಬ್ಯಾಡ ಅನ್ನಂಗಿಲ್ಲ. ಸಂಜಿ ಏಳಕ್ಕ ತಂದು ಜೋಡಿಸಿ ಹೋಗು."

ಅಡಿಗೆಮನೆ ಕಡೆಯಿಂದ

ದೀಪಾವಳಿಗೆ ಇನ್ನು ಹತ್ತೇ ದಿನ. ಭಾವ ಅಣ್ಣನಿಗೆ ಹೇಳಿಕಳಿಸಿಯಾಗಿತ್ತು, ಹಬ್ಬ ಮುಗಿದ ಮೇಲೆ ಬರ್ತೀನಿ ಅಂತ. ನಾನು ಸೊರಬಕ್ಕೆ ಹೋದಾಗ ಅಕ್ಕ ಒಲೆಯನ್ನು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಆನವಟ್ಟಿ ರಸ್ತೇಲಿ ಒಬ್ರು ಗೌಡರದ್ದು ಇದೆಯಂತೆ ಅಕ್ಕಾ, ಕೊನೇದೊಂದು ನೋಡ್ತೀವಿ" ಅಂದೆ.

"ನಾನೂ ಬರ್ತೀನಿ" ಅಂದಳು.

ಹೆಂಗಸರಿಗೆ ಜೀಪಿನ ವಿಚಾರ ಏನು ತಿಳಿಯುತ್ತದೆ ಅಂತ ಬಾಯಿಯವರೆಗೆ ಬಂತು. ನಾಲ್ಕು ಜೀಪು ನೋಡಿದ ನನಗೆ ತಿಳಿದದ್ದು ನೆನಪಾಗಿ ನುಂಗಿಕೊಂಡೆ.

ಗೌಡರು ಆ ಸೀಮೆಗೆಲ್ಲ ಬೇಕಾದವರು. ಯಾರ ಮನೆಯಲ್ಲಿ ಜಗಳವಾದರೂ, ಎಲ್ಲಿ ಹೆಣ್ಣು ನೋಡುವುದಿದ್ದರೂ, ಯಾರನ್ನು ಆಸ್ಪತ್ರೆಗೆ ಒಯ್ಯಬೇಕಾದರೂ ಇವರಿಗೆ ಕರೆ ಬರುತ್ತಿತ್ತು. ಅವರ ಜೀಪು ನೋಡಿ ನನಗೆ ಅಳು ಬಂತು. ಒಂದು ಬಾಗಿಲಿಗೆ ಹಗ್ಗ ಕಟ್ಟಿತ್ತು. ಇಂಜಿನ್ ಶುರು ಮಾಡಿದರೆ ಲಟಲಟ ಲಟಲಟ ಸದ್ದು.

"ಈ ಸದ್ದು ಯಾವಾಗಿಂದ?" ಅಂದೆ.

"ಹತ್ತು ವರ್ಷಾತು" ಅಂದರು ಗೌಡರು.

ಅಕ್ಕ ಜೀಪಿನ ಕಡೆ ತಿರುಗಿಯೂ ನೋಡಲಿಲ್ಲ. ಗೌಡರ ಹೆಂಡತಿ ಕರೆದರು ಅಂತ ಸೀದಾ ಒಳಗೆ ಹೋದಳು. ಇತ್ತ ನಾನು ರೇಡಿಯೇಟರಿನ ಮುಚ್ಚಳ ತೆಗೆದೆ. ತೆಗೆದವನೇ ಎದೆ ಉಬ್ಬಿಸಿದೆ. ಸಿಕ್ಕಿತಲ್ಲ! ಒಳಗೆ ನೀರು ಹಾಲಿನ ಬಣ್ಣಕ್ಕೆ ತಿರುಗಿತ್ತು. ಇಂಜಿನ್ ಆಯಿಲ್ ನೀರಿಗೆ ಸೇರಿದರೆ ಹಾಗಾಗುತ್ತದೆ. ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಂಜಿನ್ನಿನ ಕಥೆ ಮುಗಿದಿದೆ. ಮೂಗಿಟ್ಟು ನೋಡಿದೆ, ಹುಳಿ ವಾಸನೆ. "ನೀರು ಕೊಳೆತೇ ಹೋಗಿದೆ ಭಾವ. ನಾ ಬರ್ಕೊಡ್ತೀನಿ, ಇದು ಎರಡು ತಿಂಗಳು ಓಡಿದ್ರೆ ಹೆಚ್ಚು" ಅಂದೆ.

ಗೌಡರು ವಾದ ಮಾಡಲಿಲ್ಲ. "ನಂಗೇನು ಗೊತ್ತು. ಇವತ್ತಿನವರೆಗೆ ನಿಂತಿಲ್ಲ ಅಷ್ಟೆ" ಅಂದರು.

"ಎಲ್ಲರೂ ಹಾಗೇ ಹೇಳ್ತಾರೆ" ಅಂದೆ. "ಅಷ್ಟು ಒಳ್ಳೇ ಗಾಡಿ ಆದ್ರೆ ಮಾರೋದ್ಯಾಕೆ?"

ಗೌಡರು ಮನೆಯ ಕಡೆ ಒಂದು ಸಲ ನೋಡಿ ಮಾತು ನುಂಗಿದರು. ಅನುಮಾನ ಖಾತ್ರಿಯಾಯಿತು. ಭಾವ ಜಗಲಿಯ ಮೇಲೆ ಕೂತುಬಿಟ್ಟರು. ಅವರ ಮುಖ ನೋಡಲಿಕ್ಕಾಗಲಿಲ್ಲ.

ಆಗ ಅಕ್ಕ ಹೊರಗೆ ಬಂದಳು. ಹಣೆಗೆ ಹೊಸ ಕುಂಕುಮ, ಕೈಯಲ್ಲಿ ಎಲೆ ಅಡಿಕೆ. "ರೀ, ಇದೇ ಜೀಪು. ತಗೊಳ್ಳಿ" ಅಂದಳು.

"ಅಕ್ಕಾ, ನಿಂಗೆ ತಲೆ ಸರಿ ಇದೆಯಾ? ಗ್ಯಾಸ್ಕೆಟ್ ಹೋಗಿದೆ!"

"ಏನಾರ ಹೋಗಿರಲಿ. ಒಳಗೆ ಇವರ ಮನೆಯವರು ಕಣ್ಣೀರು ಹಾಕ್ತಾ ಇದಾರೆ. ಹತ್ತು ವರ್ಷದಲ್ಲಿ ಈ ಹಾಳು ಜೀಪು ಒಂದು ದಿನ, ಒಂದೇ ಒಂದು ದಿನ ಕೆಟ್ಟು ನಿಂತಿಲ್ವಂತೆ. ನಿಂತಿದ್ರೆ ಗಂಡ ಅನ್ನೋ ಪ್ರಾಣಿ ಒಂದು ದಿನ ಮನೇಲಿ ಕೂತು ಉಣ್ತಿತ್ತು ಅಂತಾರೆ. ಮಗಳನ್ನ ನೋಡೋಕೆ ಬಂದ ಗಂಡಿನ ಕಡೆಯವರು ಅಪ್ಪನ ಮುಖ ನೋಡದೇ ಹೋದ್ರಂತೆ. ಜೀಪು ಇರಬೇಕು, ಇಲ್ಲ ನಾನಿರಬೇಕು ಅಂತ ಮೂರು ದಿನ ಉಪವಾಸ ಕೂತ ಮೇಲೆ ಇವರು ಮಾರೋಕೆ ಒಪ್ಪಿದ್ದು."

ಗೌಡರು ತಲೆ ತಗ್ಗಿಸಿದರು. ನಾನು ಬಿಡಲಿಲ್ಲ. ನನ್ನ ವಿದ್ಯೆಯ ಪ್ರಶ್ನೆ. "ಅದೆಲ್ಲ ಸರಿ. ರೇಡಿಯೇಟರ್ ನೀರು ಬೆಳ್ಳಗಿದೆಯಲ್ಲ, ಅದಕ್ಕೇನಂತಾರೆ ಕೇಳು!"

ಬಾಗಿಲಲ್ಲಿ ನಿಂತಿದ್ದ ಗೌಡರ ಹೆಂಡತಿ ಸೆರಗಿನಲ್ಲಿ ಮೂಗು ಒರೆಸಿಕೊಂಡು ಹೇಳಿದರು, "ಅದು ಮಜ್ಜಿಗೆ."

"ಏನಂದ್ರಿ?"

"ನೀರು ಹಾಕೋ ಬಾಯಿಗೆ ನಾನೇ ಒಂದು ಚೊಂಬು ಹಾಕ್ದೆ. ಹೋದ ವಾರ ನಮ್ಮ ತವರಿಗೆ ಹೋಗೋದಿತ್ತು, ಇವರು ಯಾರದೋ ಪಂಚಾಯ್ತಿಗೆ ಹೊರಟ್ರು. ಕೆಟ್ಟು ನಿಲ್ಲಲಿ ಅಂತ ಹಾಕ್ದೆ. ಕುಡ್ಕೊಂಡು ಹೊರಟೇಹೋಯ್ತು ದರಿದ್ರದ್ದು!"

ಗೌಡರು ಆಗ ತಲೆ ಎತ್ತಿದರು. "ಅಯ್ಯೋ, ಅದ್ಕೇ ಅವತ್ತು ರಾತ್ರಿ ಬಂದಾಗ ನಂಗೆ ಬರೀ ಅನ್ನಕ್ಕೆ ಉಪ್ಪಿನಕಾಯಿ ಹಾಕಿದ್ದಾ?"

ಭಾವ ಜಗಲಿಯಿಂದ ಎದ್ದು ನಕ್ಕರು ನೋಡಿ, ಎರಡು ತಿಂಗಳ ನಗುವನ್ನು ಒಟ್ಟಿಗೇ ನಕ್ಕರು. ಅಕ್ಕನೂ ನಕ್ಕಳು, ನಗುನಗುತ್ತಲೇ ಕಣ್ಣು ಒರೆಸಿಕೊಂಡಳು. ಅಲ್ಲೇ ಎಲೆ ಅಡಿಕೆ ಕೊಟ್ಟು ಮಾತು ಮುಗಿಸಿದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ದೀಪಾವಳಿಯ ಸಂತೆ ಒಂದೂ ತಪ್ಪಲಿಲ್ಲ. ಲಟಲಟ ಅನ್ನುತ್ತಲೇ ಜೀಪು ಆನವಟ್ಟಿಗೂ ಹೋಯಿತು, ಶಿರಾಳಕೊಪ್ಪಕ್ಕೂ ಹೋಯಿತು, ಸಂಜೆ ಮನೆಗೂ ಬಂತು. ಅಕ್ಕ ತನ್ನ ಒಲೆಯ ಮೇಲೆ ಹೋಳಿಗೆ ಮಾಡಿ ನನಗೂ ಹಾಕಿದಳು.

ಹಬ್ಬ ಕಳೆದು ನಾಲ್ಕು ದಿನಕ್ಕೆ ನನ್ನ ಅಂಗಡಿಗೆ ಶಿರಾಳಕೊಪ್ಪದವರೊಬ್ಬರು ಬಂದರು. "ಒಂದು ಹಳೇ ಜೀಪು ನೋಡೋದಿತ್ರಿ, ನಿಮ್ಮ ಹೆಸರು ಹೇಳಿದ್ರು" ಅಂದರು. ಪರವಾಗಿಲ್ಲ, ಹೆಸರು ಇನ್ನೂ ಉಳಿದಿದೆ ಅಂತ ಸಂತೋಷವಾಯಿತು. ಕೈ ತೊಳೆದು, ಒಳ್ಳೇ ಅಂಗಿ ಹಾಕಿಕೊಂಡು, "ನಡೀರಿ ಹೋಗಾಣ" ಅಂದೆ.

"ನೀವು ಕೂತ್ಕೊಳ್ರಿ, ತ್ರಾಸ ಯಾಕ?" ಅಂದರು ಅವರು. "ನಿಮ್ಮಕ್ಕಾರು ಸೊರಬದಾಗ ಎಲ್ಲಿರ್ತಾರ, ಅಷ್ಟು ಹೇಳ್ರಿ ಸಾಕು."